ಅಪ್ಪನಿಗೆ ‘ವಾಕಿಂಗ್ ಹೋಗಿ’ ಅಂದರೆ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಖಿನ್ನತೆಗೆ ವ್ಯಾಯಾಮ ನಿಜಕ್ಕೂ ಉಪಯೋಗಕ್ಕೆ ಬರುತ್ತದಾ?

ಅರಸೀಕೆರೆ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮಪ್ಪನಿಗೆ 72 ವರ್ಷ. ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದರು. ಸೈಕಲ್ ಹೋಗುವ ಕಡೆ ಸೈಕಲ್, ಹೋಗದ ಕಡೆ ನಡಿಗೆ. 36 ವರ್ಷ ಹೀಗೇ ಕಳೆದರು. ಹತ್ತು ತಿಂಗಳ ಹಿಂದೆ ಅಮ್ಮ ತೀರಿಹೋದರು. ಅಪ್ಪ ಒಬ್ಬರೇ ಊರಲ್ಲಿ ಇರುವುದು ಬೇಡ ಅಂತ ಬೆಂಗಳೂರಿಗೆ, ವಿಜಯನಗರದ ನಮ್ಮ ಮನೆಗೆ ಕರೆದುಕೊಂಡು ಬಂದೆವು.

ಮೊದಲು ಎಲ್ಲರೂ ‘ದುಃಖ ಇರುತ್ತೆ, ದಿನ ಕಳೆದ ಹಾಗೆ ಸರಿಹೋಗುತ್ತೆ’ ಅಂದುಕೊಂಡೆವು. ಸರಿಹೋಗಲಿಲ್ಲ. ಊಟ ಬಿಟ್ಟರು. 9 ಕೆ.ಜಿ. ಇಳಿದರು. ರಾತ್ರಿ 3 ಗಂಟೆಗೆ ಎದ್ದು ಲೈಟೂ ಹಾಕದೆ ಹಾಲ್‌ನಲ್ಲಿ ಕೂತಿರುತ್ತಿದ್ದರು. ‘ಹೊಟ್ಟೆ ಉರಿ, ಎದೆ ಭಾರ’ ಅಂತಷ್ಟೇ ಹೇಳುತ್ತಿದ್ದರು. ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಎರಡು ತಿಂಗಳು ಮಾತ್ರೆ ನುಂಗಿಸಿದರು. ಆಮೇಲೆ ಮನೋವೈದ್ಯರ ಹತ್ತಿರ ಹೋದೆವು. ಖಿನ್ನತೆ ಅಂತ ಗೊತ್ತಾಯಿತು.

ಹತ್ತು ವಾರದಿಂದ ಮಾತ್ರೆ ನಡೆಯುತ್ತಿದೆ. ನಿದ್ದೆ ಬರುತ್ತಿದೆ, ಊಟ ಪರವಾಗಿಲ್ಲ. ಆದರೆ ಕಿಟಕಿ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಮಾತ್ರ ಬಿಡುತ್ತಿಲ್ಲ. ಡಾಕ್ಟರು ‘ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿಸಿ’ ಅಂದಿದ್ದಾರೆ. ಪಾರ್ಕ್ ಮನೆ ಎದುರಿಗೇ ಇದೆ. ಹೊಸ ಶೂ ತಂದೆ. ಡಬ್ಬಿಯಿಂದ ಆಚೆ ಬಂದಿಲ್ಲ. ಮೊನ್ನೆ ತುಂಬಾ ಬಲವಂತ ಮಾಡಿದ್ದಕ್ಕೆ ಅಪ್ಪ ಹೇಳಿದ್ದು ಇಷ್ಟೇ: “ಕೈಯಲ್ಲಿ ಕಾಗದ ಇಲ್ಲ ಕಣಮ್ಮ. ಯಾರ ಮನೆಗೆ ಅಂತ ನಡೀಲಿ?”

ಅವತ್ತಿನಿಂದ ನಾನೂ ಸುಮ್ಮನಾಗಿದ್ದೇನೆ. ವ್ಯಾಯಾಮದಿಂದ ನಿಜಕ್ಕೂ ಉಪಯೋಗ ಇದೆಯಾ, ಅಥವಾ ಎಲ್ಲರಿಗೂ ಹೇಳುವ ಹಾಗೆ ಹೇಳಿದ್ದಾ? ಇದ್ದರೆ, ಏಳದವರನ್ನು ಎಬ್ಬಿಸುವುದು ಹೇಗೆ? ಮನೆಯಲ್ಲಿ ಇದನ್ನು ಕಂಡವರು ದಯವಿಟ್ಟು ಹೇಳಿ.

ಕುಕ್ಕರಹಳ್ಳಿ ಸುತ್ತು

ತಂಗಿ, ನಿಮ್ಮಪ್ಪನ ಕುರ್ಚಿಯಲ್ಲಿ ನಾನೂ ಒಂದು ವರ್ಷ ಕೂತಿದ್ದೆ. ಈಗ ನನಗೆ 69. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಬಂದದ್ದು. ನನಗೆ ಹೇಳಿಕೊಳ್ಳುವಂಥ ಕಾರಣವೂ ಇರಲಿಲ್ಲ. ಪೆನ್ಶನ್ ಬರುತ್ತಿತ್ತು, ಹೆಂಡತಿ ಮಕ್ಕಳು ಚೆನ್ನಾಗಿದ್ದರು. ಅದೇ ಇನ್ನೂ ನಾಚಿಕೆ. ‘ನಿನಗೇನು ಕಮ್ಮಿ ಆಗಿದೆ’ ಅಂತ ಯಾರಾದರೂ ಕೇಳಿದರೆ ಉತ್ತರ ಇಲ್ಲ.

ಹೊರಗಿನವರಿಗೆ ಕಾಣುವುದು ಸೋಮಾರಿತನ. ಒಳಗೆ ಹೇಗಿರುತ್ತದೆ ಅಂತ ಹೇಳುತ್ತೇನೆ. ವಾಕಿಂಗ್ ಹೋಗಬೇಕು ಅಂದರೆ ಮೊದಲು ಪಂಚೆ ಬಿಚ್ಚಿ ಪ್ಯಾಂಟ್ ಹಾಕಬೇಕು. ಯಾವ ಶರ್ಟ್? ಗಡ್ಡ ಬಿಟ್ಟು ಐದು ದಿನ ಆಗಿದೆ, ಹೀಗೇ ಹೋಗುವುದಾ? ದಾರಿಯಲ್ಲಿ ಯಾರಾದರೂ ಸಿಕ್ಕಿ ‘ಏನ್ ಸಾರ್, ಇಳಿದು ಹೋಗಿದ್ದೀರಿ’ ಅಂದರೆ ಏನು ಹೇಳುವುದು? ಇಷ್ಟು ಯೋಚನೆ ಮಾಡುವಷ್ಟರಲ್ಲೇ ಸುಸ್ತು. ಮತ್ತೆ ಮಲಗುತ್ತಿದ್ದೆ. ಮನಸ್ಸು ಬಂದ ದಿನ ಹೋಗೋಣ ಅಂತ ಕಾಯುತ್ತಿದ್ದೆ. ಅದು ಬರಲೇ ಇಲ್ಲ.

ನನ್ನನ್ನು ಎಬ್ಬಿಸಿದ್ದು ಹಳೆಯ ಸಹೋದ್ಯೋಗಿ ಒಬ್ಬ. ದಿನಾ ಬೆಳಗ್ಗೆ ಆರೂ ಹತ್ತಕ್ಕೆ ಸ್ಕೂಟರ್ ತಂದು ಗೇಟಿನ ಹತ್ತಿರ ನಿಲ್ಲಿಸುತ್ತಿದ್ದ. ಹಾರ್ನ್ ಹೊಡೆಯುತ್ತಿರಲಿಲ್ಲ. ಬುದ್ಧಿ ಹೇಳುತ್ತಿರಲಿಲ್ಲ. ಮೊದಲನೇ ದಿನ ನಾನು ಗೇಟಿನ ತನಕ ಹೋಗಿ ‘ಇವತ್ತು ಬೇಡ ಕಣೋ’ ಅಂದೆ. ‘ಆಯ್ತು, ನಾಳೆ’ ಅಂದು ಹೊರಟ. ಹೀಗೆ ಒಂಬತ್ತು ದಿನ. ಹತ್ತನೇ ದಿನ ಮೂಲೆಯ ಹಾಲಿನ ಬೂತ್ ತನಕ ಹೋದೆವು. ಕುಕ್ಕರಹಳ್ಳಿ ಕೆರೆ ಏರಿ ಹತ್ತಿದ್ದು ಎರಡು ತಿಂಗಳ ಮೇಲೆ. ಅವನು ಒಂದು ದಿನವೂ ‘ಹೋಗು’ ಅನ್ನಲಿಲ್ಲ. ‘ಬಾ’ ಅನ್ನುತ್ತಿದ್ದ. ನೀವು ಶೂ ತಂದಿದ್ದೀರಿ, ಒಳ್ಳೆಯದೇ. ಆದರೆ ಜೊತೆಗೆ ಯಾರು ಹೋಗುತ್ತಾರೆ ಅಂತ ನೀವು ಬರೆದಿಲ್ಲ.

ನೇರ ಮಾತು

ಎಲ್ಲಾ ಇಂಗ್ಲಿಷ್ ಮಾತ್ರೆಯ ಪ್ರಭಾವ. ಮೊದಲು ಅದನ್ನು ನಿಲ್ಲಿಸಿ. ಬೆಳಗ್ಗೆ ಸೂರ್ಯ ನಮಸ್ಕಾರ, ಪ್ರಾಣಾಯಾಮ ಮಾಡಿಸಿ. 21 ದಿನದಲ್ಲಿ ಎದ್ದು ಓಡಾಡುತ್ತಾರೆ.

ವಾರ್ಡ್ ಅಕ್ಕ

ಮೇಲಿನವರ ಮಾತು ಕೇಳಿ ಯಾರೂ ಮಾತ್ರೆ ನಿಲ್ಲಿಸಬೇಡಿ. ನಾನು ಮನೋರೋಗ ವಿಭಾಗದಲ್ಲಿ 18 ವರ್ಷದಿಂದ ನರ್ಸ್. ಮಾತ್ರೆಯನ್ನು ಏಕ್ದಂ ನಿಲ್ಲಿಸಿ ತಲೆಸುತ್ತು, ಚಡಪಡಿಕೆ, ನಿದ್ದೆ ಇಲ್ಲದೆ ಒದ್ದಾಡಿಕೊಂಡು ಬಂದವರನ್ನು ಕಂಡಿದ್ದೇನೆ. ಸ್ವಲ್ಪ ದಿನ ಚೆನ್ನಾಗಿದ್ದು ಕಾಯಿಲೆ ಮರುಕಳಿಸಿ ಬಂದವರನ್ನೂ ಕಂಡಿದ್ದೇನೆ. ಕಡಿಮೆ ಮಾಡುವುದಾದರೆ ಡಾಕ್ಟರ್ ಹೇಳಿದ ಹಾಗೆ, ಮೆಲ್ಲಗೆ. ನಿಮ್ಮಪ್ಪನಿಗೆ ನಿದ್ದೆ, ಊಟ ಬಂದಿದೆ ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ. ವ್ಯಾಯಾಮ ಅದರ ಜೊತೆಗೆ ಸೇರಬೇಕು.

ವಾಕಿಂಗ್ ಶುರು ಮಾಡುವ ಮುಂಚೆ ಎರಡು ವಿಷಯ ನೋಡಿ. ಕೂತಾಗ ಒಂದು ಸಲ, ಎದ್ದು ನಿಂತ ಮೇಲೆ ಒಂದು ಸಲ ಬಿ.ಪಿ. ನೋಡಿಸಿ. ಕೆಲವರಿಗೆ ನಿಂತ ತಕ್ಷಣ ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತದೆ. ಇನ್ನೊಂದು, ರಕ್ತದಲ್ಲಿ ಸೋಡಿಯಂ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದ ವಯಸ್ಸಾದವರಲ್ಲಿ ಅದು ಇಳಿಯುತ್ತದೆ. ಆಗ ತಲೆಸುತ್ತು, ತೂಕಡಿಕೆ, ಗೊಂದಲ ಶುರುವಾಗುತ್ತದೆ. ಮನೆಯವರು ‘ವಯಸ್ಸಾಯ್ತು’ ಅಂದುಕೊಂಡು ಬಿಡುತ್ತಾರೆ. ಒಂದು ರಕ್ತ ಪರೀಕ್ಷೆ ಸಾಕು.

ಇನ್ನೊಂದು ಮಾತು, ಹೇಳಲೇಬೇಕು. ‘ಇದ್ದು ಏನು ಮಾಡಲಿ’, ‘ನಿಮಗೆಲ್ಲ ಭಾರ ಆದೆ’, ‘ಅವಳ ಹತ್ತಿರ ಹೋಗಿಬಿಡಬೇಕು’ ಅಂತ ಏನಾದರೂ ಹೇಳುತ್ತಿದ್ದರೆ ವಾಕಿಂಗ್ ಮಾತು ಪಕ್ಕಕ್ಕಿಡಿ. ಅವತ್ತೇ ಡಾಕ್ಟರಿಗೆ ಹೇಳಿ, ಅವರನ್ನು ಒಬ್ಬರೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹುಬ್ಬಳ್ಳಿ ಫಿಸಿಯೋ

ನಮಸ್ಕಾರ ರೀ. ಅಕ್ಕ ಹೇಳಿದ್ದೆಲ್ಲ ಸರಿ. ನಾನು ಕಾಲಿನ ವಿಷಯ ಹೇಳುತ್ತೇನೆ.

ತಿಂಗಳುಗಟ್ಟಲೆ ಕುರ್ಚಿಯಲ್ಲೇ ಕೂತವರ ತೊಡೆ ಕರಗಿರುತ್ತದೆ. 9 ಕೆ.ಜಿ. ಇಳಿದರು ಅಂದಿರಿ. ಬರೀ ಕೊಬ್ಬು ಹೋಗಿರುವುದಿಲ್ಲ, ಮಾಂಸಖಂಡವೂ ಹೋಗಿರುತ್ತದೆ. ಇಂಥವರನ್ನು ಸೀದಾ ಪಾರ್ಕಿಗೆ ಕರೆದುಕೊಂಡು ಹೋದರೆ ಎರಡನೇ ಸುತ್ತಿಗೆ ಕಾಲು ನಡುಗುತ್ತದೆ. ಹೆದರುತ್ತಾರೆ. ಮೂರನೇ ದಿನ ಬರುವುದಿಲ್ಲ ಅನ್ನುತ್ತಾರೆ. ಮನೆಯವರು ಹಟ ಅನ್ನುತ್ತಾರೆ. ಹಟ ಅಲ್ಲ ರೀ, ಕಾಲಿಗೆ ತ್ರಾಣ ಇಲ್ಲ.

ಅವರು ಕುರ್ಚಿ ಬಿಡುವುದಿಲ್ಲ ಅಲ್ವಾ? ಕುರ್ಚಿಯಿಂದಲೇ ಶುರು ಮಾಡಿ. ಪ್ಲಾಸ್ಟಿಕ್‌ದು ಬೇಡ, ಟೈಲ್ಸ್ ಮೇಲೆ ಜಾರುತ್ತದೆ. ಮರದ್ದು, ಕೈ ಇರುವುದು, ಗೋಡೆಗೆ ಒತ್ತಿ ಇಡಿ. ಕುರ್ಚಿಯ ಅಂಚಿಗೆ ಬಂದು ಕೂರಬೇಕು, ಪಾದ ಸ್ವಲ್ಪ ಹಿಂದೆ. ಮೂಗು ಮೊಣಕಾಲಿನ ಮೇಲೆ ಬರುವಷ್ಟು ಮುಂದೆ ಬಗ್ಗಿ ಏಳಬೇಕು. ನಿಂತು ಒಂದು ಉಸಿರು. ಆಮೇಲೆ ಮೆಲ್ಲಗೆ ಕೂರಬೇಕು, ದೊಪ್ಪಂತ ಬೀಳಬಾರದು. ಆ ಮೆಲ್ಲಗೆ ಕೂರುವುದರಲ್ಲೇ ಅರ್ಧ ವ್ಯಾಯಾಮ ಇದೆ. ಬೆಳಗ್ಗೆ 5, ಸಂಜೆ 5. ಮೊದಲ ವಾರ ಕೈ ಊರಿಕೊಳ್ಳಲಿ, ಪರವಾಗಿಲ್ಲ. ವಾರಕ್ಕೆ ಒಂದೆರಡು ಜಾಸ್ತಿ ಮಾಡುತ್ತಾ ಹೋಗಿ. ಇದು ಸಲೀಸಾದ ಮೇಲೆ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಕೈಕೊಟ್ಟು ತಳ್ಳುವುದು. ಮೂರೇ ಸಾಕು.

ನಡೆಯುವಾಗ ಅಳತೆ ಇಷ್ಟು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎದೆನೋವು, ದವಡೆಗೆ ಎಡಗೈಗೆ ಹರಿಯುವ ನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ. 65 ದಾಟಿದವರಿಗೂ ಅದೇ ಲೆಕ್ಕ, ಜೊತೆಗೆ ವಾರಕ್ಕೆ ಮೂರು ದಿನ ಬ್ಯಾಲೆನ್ಸ್ ಮತ್ತು ಶಕ್ತಿಯ ವ್ಯಾಯಾಮ. ಈ ಲೆಕ್ಕವನ್ನು ಅಪ್ಪನಿಗೆ ಈಗಲೇ ಹೇಳಬೇಡಿ. ಐದು ನಿಮಿಷ ನಡೆಯದವರಿಗೆ 150 ಅಂದರೆ ಬೆಟ್ಟ ಕಂಡ ಹಾಗೆ ಆಗುತ್ತದೆ.

ಲೆಕ್ಕ ಕೇಳುವವ

ಬೇಸರ ಮಾಡಿಕೊಳ್ಳಬೇಡಿ, ಆದರೆ ಒಬ್ಬರಾದರೂ ಉಲ್ಟಾ ಪ್ರಶ್ನೆ ಕೇಳಬೇಕು. ‘ವ್ಯಾಯಾಮದಿಂದ ಖಿನ್ನತೆ ಹೋಗುತ್ತದೆ’ ಅನ್ನುವುದು ಈಗ ವಾಟ್ಸಾಪ್ ಮಂತ್ರ ಆಗಿದೆ. ಇಂಗ್ಲೆಂಡಿನಲ್ಲಿ 78 ವೃದ್ಧಾಶ್ರಮಗಳ 891 ಜನರ ಮೇಲೆ ಒಂದು ದೊಡ್ಡ ಪರೀಕ್ಷೆ ಆಯಿತು. 2013ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟ್‌ಗಳೇ ನಿಂತು ವಾರಕ್ಕೆ ಎರಡು ಸಲ 45 ನಿಮಿಷದಂತೆ ಒಂದು ವರ್ಷ ಗುಂಪು ವ್ಯಾಯಾಮ ಮಾಡಿಸಿದರು. ಖಿನ್ನತೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಸೊನ್ನೆ. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಗ್ರಂಥಾಲಯದ ಬೆಂಚು

ಲೆಕ್ಕದವರೇ, ಒಳ್ಳೆಯ ಪ್ರಶ್ನೆ. ಆ ಪರೀಕ್ಷೆ ನಿಜ. ಅದರಲ್ಲಿದ್ದವರ ಸರಾಸರಿ ವಯಸ್ಸು 86 ದಾಟಿತ್ತು. ಆಶ್ರಮದಲ್ಲಿ ಇರಬೇಕಾದಷ್ಟು ನಿತ್ರಾಣರಾದವರು. ವಾರಕ್ಕೆ ಎರಡು ಸಲ ಕೂರಿಸಿ ಎಬ್ಬಿಸಿದರೆ ಮನಸ್ಸು ತಿಳಿಯಾಗುವುದಿಲ್ಲ ಅಂತ ಅದು ತೋರಿಸಿತು. ಮನೆಯಲ್ಲಿರುವ, ಕಾಲಲ್ಲಿ ಇನ್ನೂ ಕಸುವು ಇರುವ 72ರವರಿಗೆ ಅದನ್ನೇ ಹಚ್ಚುವುದು ಸರಿಯಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ್ದನ್ನು ನೋಡಿ. 50 ದಾಟಿದ, ಖಿನ್ನತೆ ಇದ್ದ 156 ಜನ. ಒಂದು ಗುಂಪಿಗೆ ಮಾತ್ರೆ, ಒಂದಕ್ಕೆ ವಾರಕ್ಕೆ ಮೂರು ಸಲ ನಡಿಗೆ ಅಥವಾ ಓಟ, ಇನ್ನೊಂದಕ್ಕೆ ಎರಡೂ. ಮಾತ್ರೆಯವರು ಬೇಗ ಚೇತರಿಸಿಕೊಂಡರು. ಆದರೆ 16 ವಾರ ಮುಗಿಯುವ ಹೊತ್ತಿಗೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಇದನ್ನು ಓದಿ ‘ನೇರ ಮಾತು’ ಅವರು ಕುಣಿಯಬಾರದು. ಅಲ್ಲಿ ಬಂದವರು ವ್ಯಾಯಾಮಕ್ಕೆ ಸಿದ್ಧರಾಗಿ ತಾವೇ ಬಂದವರು. ಅರಸೀಕೆರೆ ಅಪ್ಪ ಶೂ ಡಬ್ಬಿಯನ್ನೇ ತೆಗೆದಿಲ್ಲ.

ಅವರಿಗೆ ಜಾಸ್ತಿ ಹೊಂದುವುದು ಇನ್ನೊಂದು ಅಧ್ಯಯನ, ಲಾಸ್ ಏಂಜಲಿಸ್‌ನಲ್ಲಿ ಆದದ್ದು, 2011ರದ್ದು. 60 ದಾಟಿದವರಿಗೆ ಮೊದಲು ನಾಲ್ಕು ವಾರ ಮಾತ್ರೆ ಕೊಟ್ಟರು. ಪೂರ್ತಿ ಗುಣ ಆಗದೆ ಅರ್ಧಂಬರ್ಧ ಸುಧಾರಿಸಿದ 73 ಜನರನ್ನು ತೆಗೆದುಕೊಂಡು, ಮಾತ್ರೆ ಮುಂದುವರಿಸುತ್ತಲೇ ಅರ್ಧ ಜನಕ್ಕೆ 10 ವಾರ ತೈ ಚಿ, ಅಂದರೆ ಚೀನಾದವರ ಆ ನಿಧಾನದ ಕೈಕಾಲು ಚಲನೆ ಕಲಿಸಿದರು. ಉಳಿದವರಿಗೆ ಆರೋಗ್ಯದ ಪಾಠ. ಚಲನೆ ಕಲಿತವರು ಹೆಚ್ಚು ಸುಧಾರಿಸಿದರು. ನಿದ್ದೆ ಬಂತು ಊಟ ಬಂತು ಆದರೆ ಕುರ್ಚಿ ಬಿಡುತ್ತಿಲ್ಲ ಅನ್ನುವ ಸ್ಥಿತಿ ಇದಕ್ಕೆ ಹತ್ತಿರ ಅಲ್ವಾ?

ನಮ್ಮ ಬೆಂಗಳೂರಿನದೂ ಒಂದಿದೆ. ಒಂದು ವೃದ್ಧಾಶ್ರಮದ 69 ಜನರನ್ನು ಮೂರು ಗುಂಪು ಮಾಡಿ ಒಂದಕ್ಕೆ ಆರು ತಿಂಗಳು ಯೋಗ ಮಾಡಿಸಿದರು. 2007ರಲ್ಲಿ ಬಂದ ವರದಿ. ಖಿನ್ನತೆಯ ಅಂಕ ಸರಾಸರಿ 10.6 ಇದ್ದದ್ದು 6.7ಕ್ಕೆ ಇಳಿಯಿತು. ಬೇರೆ ಗುಂಪುಗಳಲ್ಲಿ ಇಳಿಯಲಿಲ್ಲ.

ಲೆಕ್ಕ ಕೇಳುವವ

ಆ ಬೆಂಗಳೂರಿನ ಯೋಗದಲ್ಲಿ ಆಸನದ ಜೊತೆ ಭಜನೆ, ಉಪನ್ಯಾಸವೂ ಇತ್ತು. ಗುಣ ಮಾಡಿದ್ದು ಆಸನವೋ ಭಜನೆಯೋ?

ಗ್ರಂಥಾಲಯದ ಬೆಂಚು

ಹಹ. ಅದು ನನಗೂ ಬೇಕಾಗಿರುವ ಉತ್ತರ. ನಾಲ್ಕು ಜನ ಒಟ್ಟಿಗೆ ಕೂತು ಹಾಡಿದ್ದೂ ಲೆಕ್ಕಕ್ಕೆ ಬರುತ್ತದೆ ಅಂತ ನನ್ನ ಅನಿಸಿಕೆ. ಕುಕ್ಕರಹಳ್ಳಿ ಸಾರ್‌ಗೆ ಸ್ಕೂಟರ್ ಗೆಳೆಯ ಬಂದ ಹಾಗೆ.

ಶಿರಸಿ ತೋಟ

ನಮ್ಮ ಆಯಿಗೆ 76. ಮೊಣಕಾಲು ಕೈಕೊಟ್ಟ ಮೇಲೆ ತೋಟಕ್ಕೆ ಇಳಿಯುವುದು ನಿಂತಿತು. ಅಲ್ಲಿಂದಲೇ ಮಂಕಾದಳು. ಫಿಸಿಯೋ ಹೇಳಿಕೊಟ್ಟಿದ್ದನ್ನು ಮಾಡು ಅಂದರೆ ‘ಯಾರಾದರೂ ಕಂಡರೆ ನಗುತ್ತಾರೆ, ಮಂಗನ ಹಾಗೆ ಕೈ ಎತ್ತುವುದು ಎಂಥದು’ ಅನ್ನುತ್ತಿದ್ದಳು. ನಮ್ಮ ಕಡೆ ಹಳಬರಿಗೆ ಕೆಲಸ ಗೊತ್ತು, ವ್ಯಾಯಾಮ ಗೊತ್ತಿಲ್ಲ. ಕೊನೆಗೆ ನಾನು ಜಗಲಿ ಮೇಲೆ ಹನ್ನೆರಡು ಹೂವಿನ ಕುಂಡ ಇಟ್ಟೆ. ನೀರಿನ ಚೊಂಬು ಮಾತ್ರ ಜಗಲಿಯ ಆ ತುದಿಯಲ್ಲಿ. ಒಂದೊಂದಕ್ಕೂ ಹೋಗಿ ಬರಬೇಕು. ಎರಡು ದಿನದಲ್ಲಿ ನನ್ನ ಕಿತಾಪತಿ ಅವಳಿಗೆ ಗೊತ್ತಾಯಿತು. ಬೈದಳು. ಆದರೆ ನೀರು ಹಾಕುವುದನ್ನು ಬಿಡಲಿಲ್ಲ, ಗಿಡ ಒಣಗುತ್ತದಲ್ಲ.

ಅರಸೀಕೆರೆ ಅಕ್ಕ, ನಿಮ್ಮ ಅಪಾರ್ಟ್‌ಮೆಂಟ್ ಗೇಟಿಗೆ ಬರುವ ಬಿಲ್ಲು, ಪತ್ರಿಕೆ ಎಲ್ಲ ಅಪ್ಪನೇ ಮನೆಮನೆಗೆ ಹಂಚಲಿ. ಕೈಯಲ್ಲಿ ಕಾಗದ ಇಲ್ಲ ಅಂದರಲ್ಲ, ಕಾಗದ ಕೊಟ್ಟುಬಿಡಿ!

ವಾರ್ಡ್ ಅಕ್ಕ

ಕುಂಡದ ಉಪಾಯ ಚೆನ್ನಾಗಿದೆ. ಆದರೆ ಒಂದು ಎಚ್ಚರಿಕೆ, ಇದು ಹೆಂಗಸರ ಪರವಾಗಿ. ‘ಮನೆಕೆಲಸವೇ ಅಮ್ಮನಿಗೆ ವ್ಯಾಯಾಮ’ ಅಂತ ಹೇಳಿ ಮೂರು ಹೊತ್ತು ಅಡುಗೆ, ಮೊಮ್ಮಗು, ಪಾತ್ರೆ ಎಲ್ಲ ತಲೆಗೆ ಕಟ್ಟುವವರಿದ್ದಾರೆ. ಅವರು ಸುಸ್ತಾಗಿ ಕೂತರೆ ಅದು ಸೋಮಾರಿತನ. ಅಮ್ಮನಿಗೂ ಮನೆಯಿಂದ ಆಚೆ ತನ್ನದು ಅನ್ನುವ ಅರ್ಧ ಗಂಟೆ ಬೇಕು. ದೇಶದ ಹಿರಿಯರ ಬಗ್ಗೆ 2017-18ರಲ್ಲಿ ನಡೆದ ಲಾಸಿ ಸಮೀಕ್ಷೆಯಲ್ಲಿ, 60 ದಾಟಿದವರಲ್ಲಿ ನೂರಕ್ಕೆ 8 ಜನಕ್ಕೆ ಖಿನ್ನತೆಯ ಲಕ್ಷಣ ಕಂಡಿತು. ‘ಡಾಕ್ಟರು ನನಗೆ ಖಿನ್ನತೆ ಅಂದಿದ್ದಾರೆ’ ಅಂತ ಹೇಳಿದವರು ನೂರಕ್ಕೆ ಒಬ್ಬರೂ ಇಲ್ಲ. ಉಳಿದವರೆಲ್ಲ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದಾರೆ ಅಂತ ನನ್ನ ಅನುಮಾನ.

ಮಸ್ಕತ್ ಮಗ

ನನ್ನ ತಪ್ಪು ಹೇಳುತ್ತೇನೆ, ಯಾರಿಗಾದರೂ ಪಾಠ ಆಗಲಿ. ಅಮ್ಮ ಉಡುಪಿಯಲ್ಲಿ ಒಬ್ಬರೇ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಾನು ಇಲ್ಲಿಂದ ಹೆಜ್ಜೆ ಎಣಿಸುವ ವಾಚ್ ಕಳಿಸಿದೆ. ದಿನಾ ರಾತ್ರಿ ಫೋನ್ ಮಾಡಿ ಮೊದಲ ಪ್ರಶ್ನೆ, ‘ಇವತ್ತು ಎಷ್ಟು ಸ್ಟೆಪ್ಸ್?’ ಮೊದಲ ವಾರ 1,800. ಆಮೇಲೆ 4,000. ಐದನೇ ವಾರ 7,000 ದಾಟಿತು. ನಾನು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಊರಿಗೆ ಹೋದಾಗ ನೋಡಿದೆ. ಅಮ್ಮ ದಿಂಬಿಗೆ ಒರಗಿ ಟಿ.ವಿ. ನೋಡುತ್ತಾ ಎಡಗೈ ಅಲ್ಲಾಡಿಸುತ್ತಿದ್ದಾರೆ. ‘ನೀನು ಬೇಜಾರು ಮಾಡ್ಕೊಳ್ತೀಯಲ್ಲ ಮಗಾ’ ಅಂದರು.

ವಾಚ್ ತೆಗೆದಿಟ್ಟೆ. ಈಗ ಬೆಳಗ್ಗೆ ಅಲ್ಲಿ 7 ಗಂಟೆಗೆ, ಇಲ್ಲಿ ಐದೂವರೆ, ವೀಡಿಯೋ ಕಾಲ್ ಹಚ್ಚಿ ಇಬ್ಬರೂ ಒಟ್ಟಿಗೆ 15 ನಿಮಿಷ ಕೈಕಾಲು ಆಡಿಸುತ್ತೇವೆ. ಅರ್ಧ ಹೊತ್ತು ಮಾತೇ. ನನ್ನ ಸೊಂಟ ನೋವೂ ಕಮ್ಮಿ ಆಗಿದೆ.

ಅರಸೀಕೆರೆ ಮಗಳು (ನಾಲ್ಕು ವಾರದ ಮೇಲೆ)

ಎಲ್ಲರಿಗೂ ಥ್ಯಾಂಕ್ಸ್. ಎಷ್ಟು ಸಲ ಓದಿದೆನೋ. ಆದದ್ದು ಹೇಳುತ್ತೇನೆ.

ರಕ್ತ ಪರೀಕ್ಷೆ ಮಾಡಿಸಿದೆವು. ಸೋಡಿಯಂ ಸ್ವಲ್ಪ ಕಡಿಮೆ ಇತ್ತು. ಡಾಕ್ಟರು ಮಾತ್ರೆ ಬದಲಿಸಿದರು. ಎದ್ದಾಗ ಗೋಡೆ ಹಿಡಿಯುತ್ತಿದ್ದದ್ದು ನಿಂತಿದೆ. ವಾರ್ಡ್ ಅಕ್ಕ, ನಿಮಗೆ ಕೈಮುಗಿಯುತ್ತೇನೆ.

ಕಾಗದ ಹಂಚುವ ಉಪಾಯ ಫೇಲ್. ವಾಚ್‌ಮನ್ ಹತ್ತಿರ ಹೇಳಿ, ಬಂದ ಬಿಲ್ಲು ಪತ್ರಿಕೆ ಎಲ್ಲ ಅಪ್ಪನ ಮುಂದೆ ತಂದಿಟ್ಟೆ. ಅಪ್ಪ ಮೇಲಿನ ಕವರ್ ಎತ್ತಿ ನೋಡಿದರು, ‘ಪಿನ್ ಕೋಡ್ ತಪ್ಪು ಬರೆದಿದ್ದಾರೆ’ ಅಂದರು, ಕೆಳಗಿಟ್ಟರು. “ನಾನು ರಿಟೈರ್ ಆಗಿದ್ದೀನಿ ಕಣಮ್ಮ. ಸರ್ಕಾರವೇ ಸಾಕು ಅಂತ ಕಳಿಸಿದೆ, ನೀನು ಮತ್ತೆ ಡ್ಯೂಟಿಗೆ ಹಾಕ್ತೀಯಾ?” ಶಿರಸಿಯವರೇ, ಬೇಜಾರು ಬೇಡ, ಅವತ್ತು ಎರಡು ವಾಕ್ಯ ಒಟ್ಟಿಗೆ ಮಾತಾಡಿದ್ದೇ ನಮಗೆ ಹಬ್ಬ.

ಕುರ್ಚಿಯ ವ್ಯಾಯಾಮ ಮಾತ್ರ ಹಿಡಿಯಿತು. ಅಮ್ಮನ ಫೋಟೋ ಎದುರಿನ ಮರದ ಕುರ್ಚಿ. ನಾನು ಆಫೀಸಿಗೆ ಹೊರಡುವ ಮುಂಚೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಜೊತೆಗೆ ಎದ್ದು ಕೂರುತ್ತೇನೆ. ಐದರಿಂದ ಹತ್ತಕ್ಕೆ ಬಂದಿದ್ದೇವೆ. ನನಗೇ ಹತ್ತಕ್ಕೆ ಏದುಸಿರು, ಅಪ್ಪನಿಗೆ ಏನೂ ಇಲ್ಲ. ‘ನಿನಗೇ ಡಾಕ್ಟರ್ ಬೇಕು’ ಅಂದರು.

ಇನ್ನು ಹೊರಗೆ ಹೋದ ಕಥೆ. ನಮ್ಮವರು ಮಾರ್ಕೆಟ್‌ನಿಂದ ತೆಂಗಿನಕಾಯಿ ತಂದಿದ್ದರು. ಅಪ್ಪ ಸುಮ್ನೆ ‘ಎಷ್ಟು ಕೊಟ್ಟೆ’ ಅಂದರು. ‘ಅರವತ್ತು.’ ‘ಎರಡಕ್ಕಾ?’ ‘ಒಂದಕ್ಕೆ ಮಾವ.’ ಅರಸೀಕೆರೆ ಕಡೆಯವರಿಗೆ ಹೇಳುವ ಮಾತಾ ಇದು! ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ‘ನೀರೇ ಇಲ್ಲ, ಹಳೇ ಮಾಲು, ಮೋಸ ಹೋಗಿದ್ದೀಯ’ ಅಂದವರೇ ಕೆಂಪಾದರು. ಹತ್ತು ತಿಂಗಳಲ್ಲಿ ಅಪ್ಪನಿಗೆ ಸಿಟ್ಟು ಬಂದದ್ದು ಅದೇ ಮೊದಲು. ಮರುದಿನ ಸಂಜೆ ಅವರೇ, ‘ನಡಿ, ಆ ಅಂಗಡಿ ತೋರಿಸು’ ಅಂದರು. ಶೂ ಹಾಕಲಿಲ್ಲ, ಹಳೆಯ ಚಪ್ಪಲಿಯಲ್ಲೇ ಹೊರಟರು. ಹೋಗಿ ಬರಲು 40 ನಿಮಿಷ. ದಾರಿಯಲ್ಲಿ ಮೂರು ಸಲ ಕೂತರು.

ಹುಬ್ಬಳ್ಳಿ ಫಿಸಿಯೋ

ಭಾಳ ಛಲೋ ರೀ! ಸಿಟ್ಟು ಬಂದಿದ್ದಕ್ಕೆ ಖುಷಿ ಪಡಿ. ಆದರೆ ಆ ಹಳೆಯ ಚಪ್ಪಲಿ ಬದಲಿಸಿ. ಹಿಂದೆ ಪಟ್ಟಿ ಇರುವ, ಅಡಿ ಸವೆಯದ ಚಪ್ಪಲಿ ಕೊಡಿಸಿ, ಶೂ ಬೇಡ ಅಂದರೆ ಬೇಡ. ಮೂರು ಸಲ ಕೂತದ್ದು ತಪ್ಪಲ್ಲ. ಕೂರುವ ಜಾಗ ಎಲ್ಲೆಲ್ಲಿ ಇದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಹಿರಿಯರು ದೂರಕ್ಕೆ ಹೆದರುವುದಿಲ್ಲ, ದಾರಿಯಲ್ಲಿ ಕೂರಲು ಜಾಗ ಇಲ್ಲದ್ದಕ್ಕೆ ಹೆದರುತ್ತಾರೆ.

ಕುಕ್ಕರಹಳ್ಳಿ ಸುತ್ತು

ತೆಂಗಿನಕಾಯಿಯಿಂದ ಎದ್ದರಲ್ಲ, ಸಂತೋಷ ತಂಗಿ. ನಡುವೆ ನಿಂತುಹೋಗುವ ದಿನ ಬರುತ್ತದೆ, ಈಗಲೇ ಹೇಳಿರುತ್ತೇನೆ. ನನಗೆ ಎರಡು ಸಲ ಬಂತು.

ಅರಸೀಕೆರೆ ಮಗಳು (ಇನ್ನೂ ಆರು ವಾರದ ಮೇಲೆ)

ಸಾರ್, ನೀವು ಹೇಳಿದ್ದು ಬಂತು. ಅಮ್ಮನ ವರ್ಷದ ತಿಥಿಗೆ ಊರಿಗೆ ಹೋಗಿದ್ದೆವು. ಬೀಗ ತೆಗೆದರೆ ಅಮ್ಮನ ಸೀರೆ ಇನ್ನೂ ಹಗ್ಗದ ಮೇಲಿತ್ತು. ಯಾರೂ ತೆಗೆದಿರಲಿಲ್ಲ. ಅಪ್ಪ ಅದನ್ನು ಮಡಚಿ ಟ್ರಂಕಿಗೆ ಹಾಕಿದರು, ಏನೂ ಮಾತಾಡಲಿಲ್ಲ. ವಾಪಸ್ ಬಂದ ಮೇಲೆ ಹನ್ನೊಂದು ದಿನ ಮತ್ತೆ ಕಿಟಕಿ, ಕುರ್ಚಿ. ಮೂರು ಗಂಟೆಗೆ ಏಳುವುದೂ ಶುರುವಾಯಿತು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯಿತು ಅನ್ನಿಸಿತು. ಈಗ ಏನು ಮಾಡಲಿ?

ಕುಕ್ಕರಹಳ್ಳಿ ಸುತ್ತು

ಬಿಟ್ಟಲ್ಲಿಂದ ಶುರು ಮಾಡಿಸಬೇಡಿ, ಮೊದಲಿನಿಂದ ಮಾಡಿಸಿ. ನನಗೆ ಕೆರೆ ಒಂದು ಸುತ್ತು ಬರುತ್ತಿದ್ದ ಕಾಲದಲ್ಲಿ ಮತ್ತೆ ಬಿದ್ದೆ. ಗೆಳೆಯ ಬಂದು ಕೆರೆಯ ಸುದ್ದಿಯೇ ಎತ್ತಲಿಲ್ಲ. ‘ಗೇಟಿನ ತನಕ ಬಾ’ ಅಂದ. ಗೇಟಿನಿಂದ ಬೂತ್, ಬೂತ್‌ನಿಂದ ಕೆರೆ. ಎರಡನೇ ಸಲ ಎರಡು ತಿಂಗಳು ಹಿಡಿಯಲಿಲ್ಲ, ಮೂರು ವಾರಕ್ಕೇ ಆಯಿತು. ಕಾಲಿಗೆ ದಾರಿ ಮರೆತಿರುವುದಿಲ್ಲ.

ವಾರ್ಡ್ ಅಕ್ಕ

ನಿದ್ದೆ ಮತ್ತೆ ಕೆಟ್ಟಿದ್ದನ್ನು ಡಾಕ್ಟರಿಗೆ ಹೇಳಿ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಮತ್ತೆ ನೀವು? ನಿಮ್ಮ ಜೊತೆ ಯಾರಾದರೂ ನಡೆಯುತ್ತಿದ್ದಾರಾ? ನೋಡಿಕೊಳ್ಳುವವರೂ ಬೀಳುತ್ತಾರೆ. ವಾರಕ್ಕೆ ಎರಡು ದಿನ ಅಪ್ಪನ ಪಾಳಿ ನಿಮ್ಮವರಿಗೆ ಬಿಡಿ.

ನೇರ ಮಾತು

ಮಾತ್ರೆ ನಿಲ್ಲಿಸಿ ಅಂದದ್ದು ನಾನು. ತಪ್ಪಾಯಿತು. ನಮ್ಮ ಅಣ್ಣನಿಗೆ ಹೀಗೇ ಹೇಳಿದ್ದೆ. ಅವರ ವಿಷಯ ಬರೆಯುವುದಿಲ್ಲ. ನಿಮ್ಮ ತಂದೆ ಗುಣವಾಗಲಿ.

ಅರಸೀಕೆರೆ ಮಗಳು (ಮತ್ತೆ ಎರಡು ತಿಂಗಳು ಬಿಟ್ಟು)

‘ನೇರ ಮಾತು’ ಅಣ್ಣ, ನೀವು ಬರೆದದ್ದು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಥ್ಯಾಂಕ್ಸ್.

ಡಾಕ್ಟರು ಡೋಸ್ ಸ್ವಲ್ಪ ಏರಿಸಿದರು. ನಾವು ಮತ್ತೆ ಮರದ ಕುರ್ಚಿ, ಐದು ಸಲದಿಂದ ಶುರು ಮಾಡಿದೆವು. ನಮ್ಮವರಿಗೆ ಮಂಗಳವಾರ, ಶುಕ್ರವಾರ ಪಾಳಿ. ಅವರು ಮಾತು ಕಡಿಮೆ, ಅಪ್ಪನೂ ಕಡಿಮೆ. ಇಬ್ಬರೂ ಮಾತಿಲ್ಲದೆ ಹೋಗಿ ಮಾತಿಲ್ಲದೆ ಬರುತ್ತಾರೆ. ಇಬ್ಬರಿಗೂ ಅದೇ ಇಷ್ಟ ಅಂತ ಕಾಣುತ್ತದೆ.

ಪಾರ್ಕಿಗೆ ಅಪ್ಪ ಇವತ್ತಿಗೂ ಹೋಗಿಲ್ಲ. ‘ಗಾಣದ ಎತ್ತಿನ ಹಾಗೆ ಸುತ್ತೋದು ನನ್ನ ಕೈಲಾಗಲ್ಲ’ ಅನ್ನುತ್ತಾರೆ. ಅತ್ತಿಗುಪ್ಪೆ ಕಡೆ ತಳ್ಳುಗಾಡಿಯಲ್ಲಿ ಕಾಯಿ ಮಾರುವವರೊಬ್ಬರು ಬಾಣಾವರದವರು ಅಂತ ಗೊತ್ತಾಯಿತು. ಅವರ ಊರಿನ ಪಕ್ಕದ ಹಳ್ಳಿಗೆ ಅಪ್ಪ ಎಂಟು ವರ್ಷ ಕಾಗದ ಹಂಚಿದ್ದಾರೆ. ಈಗ ವಾರಕ್ಕೆ ನಾಲ್ಕೈದು ದಿನ ಸಂಜೆ ಅಲ್ಲಿಗೆ ಹೋಗಿ, ಗಾಡಿ ಪಕ್ಕದ ಕಲ್ಲಿನ ಮೇಲೆ ಕೂತು ಮಳೆ, ಕೊಬ್ಬರಿ ರೇಟು, ಯಾರ ಮಗ ಎಲ್ಲಿದ್ದಾನೆ ಅಂತೆಲ್ಲ ಮಾತಾಡಿಕೊಂಡು ಬರುತ್ತಾರೆ. ಹೋಗಲು 25 ನಿಮಿಷ, ಬರಲು 25. ದಾರಿಯಲ್ಲಿ ಒಂದೇ ಸಲ ಕೂರುತ್ತಾರೆ. ತೂಕ 4 ಕೆ.ಜಿ. ಏರಿದೆ. ಕೆಲವು ದಿನ ಮೂರು ಗಂಟೆಗೆ ಎಚ್ಚರ ಆಗುವುದು ಈಗಲೂ ಇದೆ. ಆದರೆ ಲೈಟ್ ಹಾಕಿಕೊಳ್ಳುತ್ತಾರೆ.

ಒಂದೇ ತೊಂದರೆ. ಅವರ ಹತ್ತಿರ ಅಷ್ಟು ಹೊತ್ತು ಕೂತು ಬರಿಗೈಯಲ್ಲಿ ಬರಲು ಅಪ್ಪನಿಗೆ ಸಂಕೋಚ. ದಿನಾ ಎರಡು ಕಾಯಿ ತರುತ್ತಾರೆ. ಇವತ್ತು ಎಣಿಸಿದೆ, ಮನೆಯಲ್ಲಿ 23 ಕಾಯಿ ಇವೆ. ಬೆಳಗ್ಗೆ ಚಟ್ನಿ, ಮಧ್ಯಾಹ್ನ ಹುಳಿ, ರಾತ್ರಿ ಮತ್ತೆ ಚಟ್ನಿ. ವಿಜಯನಗರದ ಸುತ್ತಮುತ್ತ ಯಾರಿಗಾದರೂ ಕಾಯಿ ಬೇಕಾದರೆ ದಯವಿಟ್ಟು ತಿಳಿಸಿ. ದುಡ್ಡು ಬೇಡ. ಅಪ್ಪನೇ ತಂದುಕೊಡುತ್ತಾರೆ.